ಚರಗದ ದಿನ ಬಿದ್ದ ಹೆಲಿಕಾಪ್ಟರ್

ನಮ್ಮ ಹೊಲದ ಮೇಲೆ ದಿನಾ ಮುಂಜಾನೆ ಒಂದು ಹೆಲಿಕಾಪ್ಟರ್ ಸಾಯುತ್ತಿತ್ತು. ಅಂದರೆ, ಸತ್ತಂತೆ ನಟಿಸಿ, ಮತ್ತೆ ಬದುಕಿ, ಮನೆಗೆ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ಬೈಲಹೊಂಗಲದಿಂದ ಸಂಪಗಾಂವಿಗೆ ಹೋಗುವ ದಾರಿಯಲ್ಲಿ ನನ್ನ ಮಾವನವರ ಎರೆಹೊಲ. ದಿಣ್ಣೆಯಿಲ್ಲ, ತಗ್ಗಿಲ್ಲ, ತಟ್ಟಿದ ರೊಟ್ಟಿಯ ಹಾಗೆ ಸಪಾಟು. ವಿದ್ಯುತ್ ತಂತಿಯೂ ಇರಲಿಲ್ಲ; ಅದಕ್ಕಾಗಿ ಮಾವನವರು ವರ್ಷಗಟ್ಟಲೆ ಕಚೇರಿಗೆ ಅಲೆದಿದ್ದರು, ಬಂದಿರಲಿಲ್ಲ. ಹೆಲಿಕಾಪ್ಟರ್ ಕಲಿಸುವವರಿಗೆ ಇಂಥ ಜಾಗವೇ ಬೇಕಂತೆ. ಸರಕಾರದ ಸೋಮಾರಿತನದಿಂದ ಯಾರಿಗಾದರೂ ಒಂದು ಉಪಯೋಗವಾಯಿತಲ್ಲ ಎಂದು ನಾವು ಸಮಾಧಾನಪಟ್ಟುಕೊಂಡೆವು.

ಬೆಳಗಾವಿ ದಿಕ್ಕಿನಿಂದ ಅದು ಬರುತ್ತಿತ್ತು. ಗಾಜಿನ ಗುಂಡಗಿನ ಮೂತಿ, ತೆಳ್ಳನೆಯ ಬಾಲ, ಒಳಗೆ ಅಕ್ಕಪಕ್ಕ ಇಬ್ಬರು. ಸೆಖೆಗೋ ಏನೋ ಬಾಗಿಲುಗಳನ್ನು ಕಿತ್ತು ಎಲ್ಲೋ ಇಟ್ಟು ಬಂದಿರುತ್ತಿದ್ದರು. ನಮ್ಮ ಹೊಲದ ಮೇಲೆ ಬಂದ ಕೂಡಲೇ ಇಂಜಿನ್ನಿನ ಸಪ್ಪಳ ತಟ್ಟನೆ ಇಳಿದು, ಮೇಲಿನ ರೆಕ್ಕೆಯ ಫಡಫಡವಷ್ಟೇ ಕೇಳುತ್ತಿತ್ತು. ಆಮೇಲೆ ಅದು ಬಾವಿಗೆ ಬಿಟ್ಟ ಕೊಡದ ಹಾಗೆ ಸುಯ್ಯನೆ ಕೆಳಗೆ.

ಮೊದಲ ದಿನ ಇದನ್ನು ಕಂಡು ಊರಿಗೆ ಊರೇ ಓಡಿತು. ಗಾಯಾಳುಗಳನ್ನು ಮಲಗಿಸಿ ತರಲು ಹೊರಸು ಹೊತ್ತವರು, ಹಗ್ಗ ಹಿಡಿದವರು, ಕೊಡದಲ್ಲಿ ನೀರು ತಂದವರು. ಒಬ್ಬರು ಕುಡುಗೋಲು ತಂದಿದ್ದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಎಲ್ಲರೂ ಬದುವಿನ ತನಕ ಬರುವುದಕ್ಕೂ, ಹೆಲಿಕಾಪ್ಟರ್ ಬೇವಿನ ಮರದೆತ್ತರಕ್ಕೆ ಬಂದು ಗುರ್ರೆಂದು ಮೂತಿ ಎತ್ತಿ ಹಾರಿ ಹೋಗುವುದಕ್ಕೂ ಸರಿಹೋಯಿತು. ಖಾಲಿ ಹೊರಸು ಹೊತ್ತು ನಿಂತವರ ಮುಖ ನೋಡಬೇಕಿತ್ತು. ಸಾಯದೇ ಹೋದದ್ದು ದೊಡ್ಡ ಅವಮಾನವಾಗಿತ್ತು ಅವರಿಗೆ.

“ಚ್ಯಾಷ್ಟಿ ಮಾಡತಾನ ಮಗಾ, ನಮ್ಮ ಕೂಡ!” ಎಂದರು ಮಾವನವರು. ಮನೆಗೆ ಬಂದವರೇ ನನ್ನನ್ನು ಕರೆದರು. “ಯವ್ವಾ, ನೀ ಕಾನ್ವೆಂಟ್ ಕಲತಾಕಿ. ಇದೇನು, ಹೇಳು ನೋಡೋಣು.”

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಸೂತಿ ಕಲಿಸಿದ್ದರು, ಬೆನ್ನು ನೆಟ್ಟಗಿಟ್ಟು ಕೂಡುವುದನ್ನು ಕಲಿಸಿದ್ದರು, ಬಾಯಲ್ಲಿ ತುತ್ತಿದ್ದಾಗ ಮಾತಾಡಬಾರದೆಂದು ಕಲಿಸಿದ್ದರು. ಈ ಮೂರೂ ವಿದ್ಯೆ ಅತ್ತೆಯ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನ್ನ ಇಂಗ್ಲಿಷು ಖರ್ಚಾಗುತ್ತಿದ್ದದ್ದು ಔಷಧದ ಬಾಟಲಿ ಮತ್ತು ಮಿಕ್ಸರಿನ ಡಬ್ಬಿಯ ಮೇಲೆ. ಹೆಲಿಕಾಪ್ಟರಿನ ಪಾಠ ಅಲ್ಲಿ ಇರಲಿಲ್ಲ. ಕೊನೆಗೆ ನನ್ನ ಯಜಮಾನರು ಹತ್ತಿ ಪೇಟೆಯಲ್ಲಿ ಯಾರನ್ನೋ ಕೇಳಿ ತಿಳಿದು ಬಂದರು. ಆಕಾಶದಲ್ಲಿ ಇಂಜಿನ್ ಕೆಟ್ಟರೆ ಹೇಗೆ ಇಳಿಯಬೇಕೆಂದು ಕಲಿಸುತ್ತಾರಂತೆ. ಕಲಿಸುವವರು ಬೇಕಂತಲೇ ಇಂಜಿನ್ನನ್ನು ಸಣ್ಣ ಮಾಡುತ್ತಾರೆ. ಕಲಿಯುವವರು ಬರೀ ಗಾಳಿಯ ಬಲದ ಮೇಲೆ ಇಳಿಸಿಕೊಂಡು ಬರುತ್ತಾರೆ. ನೆಲ ಹತ್ತಿರವಾದಾಗ ಕಲಿಸುವವರು ಮತ್ತೆ ಇಂಜಿನ್ ಜೋರು ಮಾಡುತ್ತಾರೆ, ಮೇಲೇಳುತ್ತಾರೆ. ಇಷ್ಟೇ ನಾಟಕ.

ಮಾವನವರು ಎಲೆಗೆ ಸುಣ್ಣ ಸವರುತ್ತ ಕೇಳಿದರು. “ಕೆಡೂದಕ್ಕೂ ಪ್ರಾಕ್ಟೀಸ್ ಬೇಕೇನ? ನಮ್ಮ ಡೀಸೆಲ್ ಪಂಪ್‌ಸೆಟ್ ಯಾವ ಪ್ರಾಕ್ಟೀಸೂ ಇಲ್ಲದ ಕೆಡತೈತೆಲ್ಲ.”

ಆಮೇಲೆ ಯಾರೂ ಓಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದು ಸಾಯುವುದನ್ನು ಕತ್ತೆತ್ತಿ ನೋಡುವವರೂ ಇರಲಿಲ್ಲ. ಆದರೆ ಇನ್ನೊಂದು ಶುರುವಾಯಿತು. ಹೆಲಿಕಾಪ್ಟರಿನಲ್ಲಿ ಎಡಗಡೆ ಕೂತವರು, ಮತ್ತೆ ಮೇಲೇರಿ ಹೋಗುವಾಗ, ಕೆಳಗಿದ್ದವರಿಗೆ ಕೈ ಮಾಡುತ್ತಿದ್ದರು. “ಇವತ್ತ ಸಾಹೇಬರು ನನಗ ಕೈ ಮಾಡಿದ್ರು” ಎನ್ನುವುದು ಊರಲ್ಲಿ ಒಂದು ಪದವಿಯಾಯಿತು. ಪಂಚಾಯ್ತಿ ಚುನಾವಣೆಯಲ್ಲಿ ಸೋತ ಮೇಲೆ ಯಾರ ನಮಸ್ಕಾರವನ್ನೂ ಸ್ವೀಕರಿಸದಿದ್ದ ನಮ್ಮ ಹಿರಿಯ ಬಳಗದವರೊಬ್ಬರು ಕೂಡ ಬದುವಿನ ಮೇಲೆ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದರು.

ಹೀಗಿರುತ್ತ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು.

ನಮ್ಮ ಕಡೆ ಎಳ್ಳಮಾಸಿಯೆಂದರೆ ಅಡುಗೆಯನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಉಣಿಸಿ, ಅದೇ ಅಡುಗೆಯನ್ನು ಚರಗವೆಂದು ಬೆಳೆಯ ತುಂಬ ಚೆಲ್ಲಿ, ಆಮೇಲೆ ನಾವು ಉಣ್ಣುವುದು. ಕಿತ್ತೂರಿನಿಂದ ನಾದಿನಿ ಮನೆಯವರು ಬಂದಿದ್ದರು, ಸವದತ್ತಿಯಿಂದ ನನ್ನ ತವರಿನವರು ಬಂದಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಹೂರಣದ ಹೋಳಿಗೆ. ಮಾವನವರು ಮುಂದೆ ಚರಗ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದರೆ, ಹಿಂದೆ ನೀರು ಹಾಕುವ ಯಜಮಾನರು “ಚಲ್ಲಂಬರಿಗೋ” ಎನ್ನುವುದು. ಹತ್ತಿ ಅಂಗಡಿಯಲ್ಲಿ ಗಿರಾಕಿಗೆ ಕೇಳಿಸದಂತೆ ದರ ಹೇಳುವ ಯಜಮಾನರ ದನಿ, ವರ್ಷಕ್ಕೊಮ್ಮೆ ಆ ದಿನ ಮಾತ್ರ ಹೊರಗೆ ಬರುತ್ತಿತ್ತು.

ಬುತ್ತಿ ಬಿಚ್ಚಿದ ಮೇಲೆ ಒಂದು ಕಟ್ಟಳೆ. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಮೇರೆಯ ಜಗಳದ ವೈರಿಯೇ ಇರಲಿ, “ಊಟಕ್ಕ ಬರ್ರಿ” ಎಂದು ಕರೆಯಬೇಕು. ಕರೆಸಿಕೊಂಡವರು ನಿಜಕ್ಕೂ ಬಂದು ಕೂಡಬೇಕೆಂದೇನಿಲ್ಲ. ಆದರೆ “ಆಗೈತ್ರಿ, ನೀವು ಮಾಡ್ರಿ” ಎಂದು ತಿರುಗಿ ಹೇಳಲೇಬೇಕು. ದೂರವಿದ್ದರೆ ಹೊಟ್ಟೆ ಮುಟ್ಟಿಕೊಂಡು ಕೈಸನ್ನೆ ಮಾಡಿದರೂ ನಡೆಯುತ್ತದೆ. ಉತ್ತರ ಕೊಡದೆ ಹೋದವರನ್ನು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಬೈಲಹೊಂಗಲದಿಂದ ಹಿಡಿದು ರಾಮದುರ್ಗದ ತನಕ ಇದನ್ನು ಯಾರಿಗೂ ಕಲಿಸಬೇಕಿಲ್ಲ.

ಆ ದಿನ ಹೆಲಿಕಾಪ್ಟರ್ ತಡವಾಗಿ, ನಾವು ಎಲೆಯ ಮುಂದೆ ಕೂತಾಗ ಬಂತು. ಅಮಾವಾಸ್ಯೆಯ ರಜೆ ಅದಕ್ಕೆ ಇರಲಿಲ್ಲ. ಅತ್ತೆಯವರು ಹೋಳಿಗೆಯ ಬುಟ್ಟಿ ಹಿಡಿದುಕೊಂಡೇ ಎದ್ದು ನಿಂತು ಕೂಗಿದರು.

“ಏ ಸಾಹೇಬ್ರ! ಊಟಕ್ಕ ಬರ್ರೀ!”

ಎಲ್ಲರಿಗೂ ನಗು. ನಗುತ್ತಲೇ ಎಲ್ಲರೂ ಕರೆದರು. ಸೆರಗು ಬೀಸಿದವರು, ಟವೆಲ್ ಬೀಸಿದವರು, ರೊಟ್ಟಿಯನ್ನೇ ಎತ್ತಿ ತೋರಿಸಿದವರು. ಅಷ್ಟರಲ್ಲಿ ಇಂಜಿನ್ನಿನ ಸಪ್ಪಳ ಇಳಿಯಿತು, ಹೆಲಿಕಾಪ್ಟರ್ ತನ್ನ ದಿನದ ಸಾವು ಶುರುಮಾಡಿತು. ಆಗ ಎಡಗಡೆಯಿಂದ ಒಂದು ಕೈ ಹೊರಗೆ ಬಂತು. ಗಡಿಯಾರದ ಗಾಜು ಬಿಸಿಲಿಗೆ ಮಿನುಗಿದ್ದನ್ನು ನಾನು ನೋಡಿದೆ. ಆ ಕೈ ಮೊದಲು ಹೊಟ್ಟೆ ಮುಟ್ಟಿತು, ಆಮೇಲೆ ಅಂಗೈ ತೆರೆದು ನಮ್ಮ ಕಡೆ ಚಾಚಿತು. ನನ್ನದು ಆಗಿದೆ, ನೀವು ಮಾಡಿರಿ.

“ಅಯ್ಯ, ನಮ್ಮ ಕಡೆಯವರ ಅದಾರವಾ!” ಎಂದು ನಾದಿನಿ ಚಪ್ಪಾಳೆ ತಟ್ಟಿದಳು.

ಅತ್ತೆಯವರಿಗೆ ಮಾತ್ರ ಒಂದು ಕೊರತೆ. “ಎಡಗೈಲೆ ಮಾಡಿದ್ರಲ್ಲಬೇ.”

“ಬಲಗೈಯಾಗ ಗಾಡಿ ಹಿಡದಾನ, ಏನ ಮಾಡ್ಯಾನು?” ಎಂದರು ಮಾವನವರು.

“ಆದ್ರೂ ಹೋಳಿಗಿಗೆ ಎಡಗೈಲೆ ಒಲ್ಲೆ ಅನ್ನಬಾರದರಿ,” ಎಂದು ಅತ್ತೆಯವರು ಮತ್ತೊಮ್ಮೆ ಕರೆದರು. ಎಡಗೈ ಮತ್ತೊಮ್ಮೆ ಹೊಟ್ಟೆ ಮುಟ್ಟಿಕೊಂಡಿತು.

ನಾನು ಸೌಟು ಹಿಡಿದು, ಕುಕ್ಕರಿನ ಸೀಟಿಗೆ ಕಾದ ಹಾಗೆ, ಮೇಲೇಳುವ ಆ ಗುರ್ರೆನ್ನುವ ಸಪ್ಪಳಕ್ಕೆ ಕಾಯುತ್ತಿದ್ದೆ. ದಿನಾ ಬೇವಿನ ಮರದ ಎತ್ತರಕ್ಕೆ ಬರುತ್ತಿದ್ದದ್ದು ಆ ದಿನ ಬರಲಿಲ್ಲ. ಜೋಳದ ತೆನೆಯ ಎತ್ತರಕ್ಕೆ ಇಳಿದ ಮೇಲೆ ಬಂತು. ಜೋಳದಾಚೆ ಶೇಂಗಾ ಕಿತ್ತ ಖಾಲಿ ಹೊಲಕ್ಕೆ ಅದು ದಡ್ಡೆಂದು ಕೂತಿತು. ಅಡಿಯ ಕಬ್ಬಿಣದ ಕಾಲುಗಳು ಎರಡೂ ಕಡೆ ಚೆಲ್ಲಿಕೊಂಡವು, ಮೇಲಿನ ರೆಕ್ಕೆ ಬಾಗಿ ತನ್ನ ಬಾಲವನ್ನು ತಾನೇ ಕತ್ತರಿಸಿತು.

ಯಾರೂ ಏಳಲಿಲ್ಲ. ಮಾವನವರು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ, “ತಡೀರಿ, ಈಗ ಏಳತೈತಿ” ಎಂದರು.

ಏಳಲಿಲ್ಲ. ಬದಲಿಗೆ ಎರೆಮಣ್ಣಿನ ಧೂಳು ಎದ್ದಿತು. “ಅಯ್ಯೋ, ಅದರ ಬಾಲ ಮುರದೈತ್ರೋ!” ಎಂದು ನಾದಿನಿ ಕಿರುಚಿದಾಗ ಗಂಡಸರು ಎಂಜಲು ಕೈಯಲ್ಲೇ ಓಡಿದರು. ಹೊರಸು, ಹಗ್ಗ, ಯಾವುದೂ ಇರಲಿಲ್ಲ. ಬೇಕಿಲ್ಲದ ದಿನ ಎಲ್ಲವನ್ನೂ ತಂದು ಮುಗಿಸಿದ್ದೆವು.

ಎಡಗಡೆಯಿಂದ ಕಲಿಸುವ ಸಾಹೇಬರನ್ನು ಇಳಿಸಿದರು. ದಪ್ಪ ಮೀಸೆ, ನಡು ಹಿಡಿದುಕೊಂಡು ನರಳುತ್ತಿದ್ದರು. ಬಲಗಡೆಯಿಂದ ಕಲಿಯುವವರು ತಾವೇ ಇಳಿದು, ತಲೆಯ ಮೇಲಿನ ಶಿರಸ್ತ್ರಾಣ ತೆಗೆದರು. ಓಡಿ ಬಂದ ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

“ಹೆಣ್ಣುಡಿಗಿ!” ಎಂದರು ಯಾರೋ.

“ಹಂಗನ್ರಿ ಮತ್ತ. ಅದಕ್ಕ ಬಿತ್ತು,” ಎಂದ ನನ್ನ ಮೈದುನ.

ಮೈದುನ ಬೈಲಹೊಂಗಲದ ಕೋರ್ಟಿನಲ್ಲಿ ವಕೀಲ. ಅಲ್ಲಿ ಒಂದು ಬದುವಿನ ದಾವೆ ಮುಗಿಯುವುದರೊಳಗೆ ಬದುವಿನ ಮೇಲಿನ ಗಿಡ ಮರವಾಗಿರುತ್ತದೆ. ಈ ದಾವೆ ಮಾತ್ರ, ಧೂಳು ಕೆಳಗೆ ಕೂಡುವ ಮೊದಲೇ ತೀರ್ಮಾನವಾಯಿತು.

ಸಾಹೇಬರನ್ನು ಚಕ್ಕಡಿಯ ಕೌದಿಯ ಮೇಲೆ ಮಲಗಿಸಿದರು. ಅತ್ತೆಯವರು ಅವರ ತಲೆಯ ಹತ್ತಿರ ಕೂತು ಮೊದಲು ಕೇಳಿದ್ದು ಎಲ್ಲಿ ನೋವೆಂದಲ್ಲ. “ಯಾವೂರ್ರಿ? ಯಾರ ಪೈಕಿ?”

“ರಾಮದುರ್ಗರಿ ಯವ್ವಾ,” ಎಂದರು ಸಾಹೇಬರು ಹಲ್ಲು ಕಚ್ಚಿಕೊಂಡು. ಮನೆತನ ಹೇಳಿದರು. ಅವರ ಸೋದರತ್ತೆಯನ್ನು ನಮ್ಮ ಸಿರಸಂಗಿಯ ಬೀಗರ ಕಡೆಗೆ ಕೊಟ್ಟದ್ದು ಅಲ್ಲೇ ಗೊತ್ತಾಯಿತು. ಅಲ್ಲಿಗೆ ಅವರು ನಮ್ಮವರಾದರು. ನೋವಿನಲ್ಲಿದ್ದ ಮನುಷ್ಯನ ಬಾಯಿಗೆ ಅತ್ತೆಯವರು ಹೋಳಿಗೆ ಮುರಿದು ಇಟ್ಟರು. ಒಲ್ಲೆ ಎನ್ನುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಹುಡುಗಿಯನ್ನು ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಅವಳು ಮುರಿದ ಬಾಲದ ಹತ್ತಿರ ಗದ್ದ ಹಿಡಿದುಕೊಂಡು ಒಬ್ಬಳೇ ನಿಂತಿದ್ದಳು. ಬೆರಳ ಸಂದಿನಿಂದ ರಕ್ತ ಮುಂಗೈಗೆ ಇಳಿಯುತ್ತಿತ್ತು.

“ಅಕೀಗೆ ನಮ್ಮ ಭಾಷಾ ಬರೂದಿಲ್ಲ. ನೀ ಹೋಗವಾ, ಮಾತಾಡ್ಸು,” ಎಂದು ಅತ್ತೆಯವರು ನನ್ನನ್ನು ಕಳಿಸಿದರು. ಔಷಧದ ಬಾಟಲಿಯಾಚೆಗೆ ನನ್ನ ಇಂಗ್ಲಿಷಿಗೆ ಸಿಕ್ಕ ಮೊದಲ ಕೆಲಸ.

ಜೀಪು ಕಳಿಸಿರೆಂದು ಅವರ ಕಡೆಯವರಿಗೆ ಫೋನ್ ಮಾಡಬೇಕೆಂದು ಅವಳನ್ನು ಮನೆಗೆ ಕರೆದುಕೊಂಡು ಬಂದೆ. ಫೋನ್ ಮಾಡಿದಳು, ನಮ್ಮ ನಂಬರನ್ನು ಎರಡು ಸಲ ಹೇಳಿದಳು, ರಿಸೀವರನ್ನು ಮೆಲ್ಲಗೆ ಇಟ್ಟಳು. ನಾನು ಅವಳ ಗದ್ದಕ್ಕೆ ಅರಿಶಿನ ಒತ್ತಿದೆ. ಉತ್ತರದ ಕಡೆಯ ಹುಡುಗಿ. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದಳು, ಉಗುರುಗಳಲ್ಲಿ ಎಣ್ಣೆಯ ಕಪ್ಪು. ಅಳುತ್ತಿರಲಿಲ್ಲ. ಕೊಟ್ಟ ನೀರನ್ನು ಕುಡಿದು ಲೋಟ ಕೆಳಗಿಟ್ಟಳು.

“ನನ್ನನ್ನು ಮನೆಗೆ ಕಳಿಸುತ್ತಾರೆ,” ಎಂದಳು ಇಂಗ್ಲಿಷಿನಲ್ಲಿ.

ಅವರ ತಂಡದಲ್ಲಿ ಅವಳೊಬ್ಬಳೇ ಹೆಣ್ಣಂತೆ. ಹಿಂದೊಮ್ಮೆ ಜೋರಾಗಿ ಇಳಿಸಿದ್ದಕ್ಕೆ ಎಚ್ಚರಿಕೆ ಕೊಟ್ಟಿದ್ದರಂತೆ. ಇನ್ನೊಂದು ತಪ್ಪು ಅವಳ ಕೈಯಿಂದಾದರೆ ಗಂಟು ಕಟ್ಟಬೇಕು, ಹಾರುವುದು ಅಲ್ಲಿಗೆ ಮುಗಿಯಿತು.

“ತಪ್ಪು ನಿನ್ನದೇನು?” ಎಂದು ಕೇಳಿದೆ.

“ಗೊತ್ತಿಲ್ಲ. ನನ್ನ ಕೆಲಸವೆಲ್ಲ ಮಾಡಿದೆ. ಇಳಿಸಿಕೊಂಡು ಬಂದೆ, ಮೂತಿ ಎತ್ತಿದೆ. ಪವರ್ ಎಂದೆ. ಬರಲಿಲ್ಲ. ಈ ಪಾಠದಲ್ಲಿ ಇಂಜಿನ್ ಅವರ ಕೈಯಲ್ಲಿ ಇರುತ್ತದೆ, ನಾನು ತಿರುಗಿಸಬಾರದು. ಯಾಕೆ ತಡವಾಯಿತೋ. ನಾನು ನೆಲ ನೋಡುತ್ತಿದ್ದೆ, ಅವರನ್ನು ನೋಡಲಿಲ್ಲ.”

ಇಂಜಿನ್ ಜೋರು ಮಾಡುವುದು ಹೇಗೆಂದು ಕೇಳಿದೆ. ಅವಳು ಕುರ್ಚಿಯ ಪಕ್ಕಕ್ಕೆ ಕೈ ಇಳಿಬಿಟ್ಟು, ಮೋಟಾರ್ ಸೈಕಲ್ಲಿನ ಹಿಡಿಕೆಯನ್ನು ತಿರುಗಿಸಿದಂತೆ ತಿರುಗಿಸಿ ತೋರಿಸಿದಳು. ತಿರುಗಿಸಿದ್ದು ಎಡಗೈ.

“ಇಬ್ಬರಿಗೂ ಎಡಗೈಯೇ?”

“ಇಬ್ಬರಿಗೂ.”

ಗಡಿಯಾರದ ಗಾಜು ಬಿಸಿಲಲ್ಲಿ ಮಿನುಗಿದ್ದು ನನ್ನ ಕಣ್ಣಿಗೆ ಬಂತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪೊಲೀಸರೂ, ಡಾಕ್ಟರೂ, ಅರ್ಧ ಬೈಲಹೊಂಗಲವೂ ಪಡಸಾಲೆಗೆ ನುಗ್ಗಿತು. ಅವಳನ್ನು ಎಬ್ಬಿಸಿಕೊಂಡು ಹೋದರು.

ಮುಂದಿನ ದಿನಗಳಲ್ಲಿ ಊರಿನ ಜ್ಞಾನ ಬಹಳ ಬೆಳೆಯಿತು. ಹುಡುಗಿಯ ಜಡೆ ಯಂತ್ರಕ್ಕೆ ಸಿಕ್ಕಿತ್ತು ಎಂದರು. ಜಡೆ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಕೆಳಗೆ ನೋಡಿ ಹೆದರಿ ಕಣ್ಣು ಮುಚ್ಚಿಕೊಂಡಳು ಎಂದರು. ಸವದತ್ತಿಯಲ್ಲಿ ಆ ದಿನವಿಡೀ ತಮ್ಮ ಅಂಗಡಿಯಲ್ಲೇ ಕೂತಿದ್ದ ನನ್ನ ದೊಡ್ಡಪ್ಪನವರು ಸಹ, ಅದು ವಾಲಿದ್ದನ್ನು ಅಲ್ಲಿಂದಲೇ ಗುರುತಿಸಿದ್ದರು. ಗಂಡು ಓಡಿಸುತ್ತಿದ್ದ ಬಸ್ಸು, ಟ್ರ್ಯಾಕ್ಟರು, ಲಾರಿ ಬಿದ್ದಾಗ ರಸ್ತೆ ಸರಿಯಿಲ್ಲ ಎನ್ನುವ ಊರು ನಮ್ಮದು. ಆಕಾಶದಲ್ಲಿ ರಸ್ತೆಯನ್ನು ಬೈಯಲು ಬರುವುದಿಲ್ಲವಲ್ಲ.

ರಾಮದುರ್ಗದಿಂದ ಸಾಹೇಬರ ಕಡೆಯವರು ಬಾಳೆಹಣ್ಣಿನ ಗೊನೆ ಹಿಡಿದುಕೊಂಡು ಬಂದರು. ಸಾಹೇಬರು ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದರು, ನಡುವಿನ ಎಲುಬಿಗೆ ಪೆಟ್ಟು. “ವಿಚಾರಣಾದವರು ನಿಮ್ಮನಿಗೆ ಬರತಾರಂತ್ರಿ. ನಾವೇನ ಸುಳ್ಳ ಹೇಳ್ರಿ ಅನ್ನೂದಿಲ್ಲ. ಕಂಡಿದ್ದ ಕಂಡಂಗ ಹೇಳ್ರಿ. ಹುಡಿಗಿ ನಡಸ್ತಿತ್ತು, ಬಿತ್ತು. ಅಷ್ಟ ಸಾಕು,” ಎಂದರು. ಕಂಡದ್ದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿಕೊಟ್ಟಿದ್ದಕ್ಕೆ ನಮ್ಮವರೆಲ್ಲ ಹೌದ್ಹೌದೆಂದು ತಲೆಯಾಡಿಸಿದರು. ಆ ದಿನ ಅವರು ಇಲ್ಲಿರಲೇ ಇಲ್ಲವೆಂಬುದು ಯಾರಿಗೂ ಅಡ್ಡಿಯೆನಿಸಲಿಲ್ಲ.

ಆ ಸಂಜೆ ಯಜಮಾನರಿಗೆ ಬಡಿಸುತ್ತ ಎಡಗೈಯ ಮಾತು ತೆಗೆದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಕೇಳಿದರೆಂಬುದೇ ದೊಡ್ಡದು. ಆಮೇಲೆ ಹೇಳಿದರು. “ನೀ ಹೇಳೂದು ಖರೇ ಇದ್ದೀತು. ಆದ್ರ ನಮ್ಮವನ ಹೊಟ್ಟಿ ಮ್ಯಾಲ ನಾವ ಯಾಕ ಕಾಲಿಡೂದು?”

“ಆ ಹುಡಿಗಿ ಹೊಟ್ಟಿರಿ?”

“ಅಕೀದು ಯಾವೂರೋ ಏನೋ. ಲಗ್ನಾ ಆಗಿ ಹೋಗತಾಳ ಬಿಡು.”

ಪುಂಡಿಪಲ್ಲೆ ಇನ್ನಷ್ಟು ಬೇಕೆಂದರು. ಹಾಕಿದೆ.

ವಿಚಾರಣೆಯವರು ಇಬ್ಬರು ಬಂದರು. ದೊಡ್ಡ ಅಧಿಕಾರಿಗೆ ಬಿಳಿ ಹುಬ್ಬು, ಮೆಲುದನಿ. ಸಣ್ಣವರು ಬರೆದುಕೊಳ್ಳುವವರು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದೆವು. ಆ ದಿನ ಹೊಲದಲ್ಲಿದ್ದವರೆಲ್ಲ ಒಗೆದ ಬಟ್ಟೆಯಲ್ಲಿ ಕೂತಿದ್ದರು, ಇರದಿದ್ದವರು ಇನ್ನೂ ಚೆನ್ನಾಗಿ ಒಗೆದ ಬಟ್ಟೆಯಲ್ಲಿ ಕೂತಿದ್ದರು. ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವ ಜವಾಬ್ದಾರಿ ಮೈದುನನದು. ಕರಿಕೋಟು ಹಾಕಿಕೊಂಡಿದ್ದ. ಮನೆಯಲ್ಲಿ ಕಾನ್ವೆಂಟ್ ಓದಿದವಳು ಒಬ್ಬಳಿದ್ದಾಳೆಂಬುದು ಯಾರಿಗೂ ನೆನಪಾಗಲಿಲ್ಲ. ಚಹಾ ಎಷ್ಟು ಕಪ್ಪು ಬೇಕೆಂದು ಹೇಳುವುದು ಮಾತ್ರ ನೆನಪಾಯಿತು.

ಇಂಜಿನ್ನಿನ ಸಪ್ಪಳ ಯಾವಾಗ ಮರಳಿ ಬಂತು ಎಂದು ದೊಡ್ಡ ಅಧಿಕಾರಿ ಕೇಳಿದರು. ಮೈದುನ ಅದನ್ನು ಕನ್ನಡಕ್ಕೆ ತಂದ.

“ಸಪ್ಪಳ ದಿನಾ ಹೋಗತಿತ್ತು, ದಿನಾ ಬರತಿತ್ತು,” ಎಂದರು ಮಾವನವರು. “ಅವತ್ತ ಊಟದ ಗದ್ದಲ, ಯಾರ ಕೇಳ್ಯಾರು? ಆದ್ರ ಒಂದ ಮಾತ ಬರಕೋರಿ. ಸಾಹೇಬರು ಅಂಥಿಂಥಾ ಮನಿಷ್ಯಾ ಅಲ್ಲ. ಬೀಳೂ ಹೊತ್ತಿನ್ಯಾಗೂ ನಮಗ ಕೈ ಮಾಡೂದ ಬಿಡಲಿಲ್ಲ.”

ಮೈದುನ ಗಂಟಲು ಸರಿಮಾಡಿಕೊಂಡು ಅನುವಾದಿಸಿದ. “ಸೌಂಡ್ ಈಸ್ ನಾಟ್ ನೋನ್, ಸರ್. ಬಟ್ ಇನ್‌ಸ್ಟ್ರಕ್ಟರ್ ಈಸ್ ವೆರಿ ಗುಡ್ ಮ್ಯಾನ್.”

ಸಣ್ಣ ಅಧಿಕಾರಿ ಬರೆದುಕೊಂಡರು.

“ಕೈ ಮಾಡಿದ್ದು ನನಗರಿ,” ಎಂದರು ಚುನಾವಣೆ ಸೋತವರು.

“ನಿನಗ್ಯಾಕ ಮಾಡ್ಯಾರು? ಕರದಾಕಿ ನಾನು!” ಅತ್ತೆಯವರು ಬಾಗಿಲ ಹತ್ತಿರದಿಂದ ಎದ್ದೇ ಬಂದರು. “ನೋಡ್ರಿ ಸಾಹೇಬ್ರ, ಅವರಿಗೆ ಏನೂ ಅನಬ್ಯಾಡ್ರಿ. ಹೋಳಿಗಿಗೆ ಎಡಗೈಲೆ ಒಲ್ಲೆ ಅಂದ್ರು, ಅದೊಂದು ನನಗ ಮನಸಿಗೆ ಹತ್ತಿತ್ತು. ಈಗ ಅದೂ ಇಲ್ಲ.”

“ಶಿ ಈಸ್ ಸೇಯಿಂಗ್ ಸಮ್ ಕಿಚನ್ ಮ್ಯಾಟರ್, ಸರ್,” ಎಂದ ಮೈದುನ.

ದೊಡ್ಡ ಅಧಿಕಾರಿ ನಸುನಕ್ಕು, ಅಡುಗೆಯ ವಿಷಯಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟು, ಬಿಸ್ಕೀಟನ್ನು ಚಹಾದಲ್ಲಿ ಅದ್ದಿದರು. ಸಣ್ಣವರು ಪೆನ್ನಿನ ಮುಚ್ಚಳ ಹಾಕುವುದರಲ್ಲಿದ್ದರು. ನಾನು ಅವರ ಮುಂದೆಯೇ ತಟ್ಟೆ ಹಿಡಿದು ನಿಂತಿದ್ದೆ. ಸಿಸ್ಟರುಗಳು ಹೇಳಿಕೊಟ್ಟ ಹಾಗೆ ಬೆನ್ನು ನೆಟ್ಟಗಿತ್ತು, ಬಾಯಲ್ಲಿ ತುತ್ತಿರಲಿಲ್ಲ.

“ಕ್ಷಮಿಸಿ ಸರ್,” ಎಂದೆ ಇಂಗ್ಲಿಷಿನಲ್ಲಿ. “ಅದು ಅಡುಗೆಮನೆಯ ಮಾತಲ್ಲ. ಹೆಲಿಕಾಪ್ಟರ್ ಕೆಳಗೆ ಬರುವಾಗ, ಎಡಗಡೆ ಕೂತಿದ್ದವರ ಎಡಗೈ ಹೊರಗಿತ್ತು. ನಾವು ಊಟಕ್ಕೆ ಕರೆದೆವು. ಅವರು ಒಲ್ಲೆ ಎಂದು ಆ ಕೈಯಿಂದ ಸನ್ನೆ ಮಾಡುತ್ತಿದ್ದರು. ನನ್ನ ಅತ್ತೆ ಹೇಳುತ್ತಿರುವುದು ಅದನ್ನೇ.”

ಅದ್ದಿದ ಬಿಸ್ಕೀಟು ಮೆತ್ತಗಾಗಿ ಮುರಿದು ಕಪ್ಪಿನೊಳಗೆ ಬಿತ್ತು. ಅಧಿಕಾರಿ ಅದನ್ನು ನೋಡಲಿಲ್ಲ. ಕಪ್ಪನ್ನು ಕೆಳಗಿಟ್ಟು, ಪಡಸಾಲೆಯಲ್ಲಿ ಕೂತವರ ಕಡೆ ತಿರುಗಿ, ತಮ್ಮ ಎರಡೂ ಕೈಗಳನ್ನು ಎತ್ತಿ ಹುಬ್ಬು ಹಾರಿಸಿದರು. ಯಾವ ಕೈ?

ಇದಕ್ಕೆ ಅನುವಾದ ಬೇಕಿರಲಿಲ್ಲ. ಎಷ್ಟೋ ಹೊತ್ತಿನಿಂದ ಅರ್ಥವಾಗದ ಪ್ರಶ್ನೆಗಳಿಗೆ ಬೇಸತ್ತಿದ್ದ ಜನ, ಗೊತ್ತಿದ್ದ ಒಂದು ಪ್ರಶ್ನೆ ಬಂತೆಂದು ಉತ್ಸಾಹದಿಂದ ಎಡಗೈ ಎತ್ತಿದರು. ಮಾ‍ವನವರು, ನಾದಿನಿ, ಕಿತ್ತೂರಿನವರು, ಚುನಾವಣೆ ಸೋತವರು. ಎಲ್ಲರೂ ಎಡಗೈಯಿಂದ ಹೊಟ್ಟೆ ಮುಟ್ಟಿ, ಅಂಗೈ ತೆರೆದು ಮುಂದೆ ಚಾಚಿ ತೋರಿಸಿದರು. ಕಲಿಸಿ ಮಾಡಿಸಿದ್ದರೂ ಅಷ್ಟು ಒಟ್ಟಿಗೆ ಆಗುತ್ತಿರಲಿಲ್ಲ. ಆ ದಿನ ಹೊಲದಲ್ಲಿ ಇರದಿದ್ದವರು ಮಾತ್ರ ಪಕ್ಕದವರನ್ನು ನೋಡಿ ತಡವಾಗಿ ಎತ್ತಿದರು. ಕೆಲವರು ಬಲಗೈ ಎತ್ತಿ ಇಳಿಸಿದರು. ಯಾರು ಸಾಕ್ಷಿ, ಯಾರು ಅಲ್ಲ ಎಂಬುದೂ ಅಧಿಕಾರಿಗೆ ಅಲ್ಲಿಯೇ ತಿಳಿದಿರಬೇಕು.

“ಎಷ್ಟು ಹೊತ್ತು ಹೊರಗಿತ್ತು, ಕೇಳಮ್ಮಾ,” ಎಂದರು ಅವರು ಇಂಗ್ಲಿಷಿನಲ್ಲಿ, ನನಗೆ. ಮೈದುನನಿಗಲ್ಲ.

ಕೇಳಿದೆ. ಅತ್ತೆಯವರು ಹೆಮ್ಮೆಯಿಂದಲೇ ಹೇಳಿದರು. “ನಾ ಎರಡ ಸಲ ಕರದೆ. ಎರಡೂ ಸಲ ಒಲ್ಲೆ ಅಂದ್ರು. ಮೂರನೇ ಸಲ ಕರೀಬೇಕನ್ನೂದ್ರಾಗ ಬಂದ ಬಿಟ್ರು.”

ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದೆ. ಸಣ್ಣವರು ಪೆನ್ನಿನ ಮುಚ್ಚಳ ಮತ್ತೆ ತೆಗೆದಿದ್ದರು.

ಜೀಪು ಹೋದ ಮೇಲೆ ಪಡಸಾಲೆಯಲ್ಲಿ ಯಾರೂ ಏಳಲಿಲ್ಲ. ಏನೋ ಆಯಿತೆಂದು ಎಲ್ಲರಿಗೂ ಗೊತ್ತಾಗಿತ್ತು, ಏನೆಂದು ಯಜಮಾನರಿಗೂ ಮೈದುನನಿಗೂ ಮಾತ್ರ ಗೊತ್ತಾಗಿತ್ತು. ಕರಿಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

“ವೈನಿ, ಏನ ಮಾಡಿದ್ರಿ ಇದು?”

“ಚಾ ಕೊಟ್ಟೆನ್ರಿ.”

“ನಮ್ಮವರನ್ನ ಹಿಡದ ಕೊಟ್ರಿ!”

“ಕೈ ಎತ್ತಿದವರು ನೀವೆಲ್ಲರೂರಿ,” ಎಂದೆ. “ನಾ ತಟ್ಟಿ ಹಿಡಕೊಂಡಿದ್ದೆ. ನನಗ ಕೈ ಎಲ್ಲಿ ಖಾಲಿ ಇತ್ತು?”

ಒಳಗೆ ಅತ್ತೆಯವರು ಕೇಳಿಸಿಕೊಂಡು ಕೂತಿದ್ದರು. ಮೈದುನ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಆ ಕೈ ಹಿಡಿಕೆಯ ಮೇಲೆ ಇರಬೇಕಾಗಿತ್ತು, ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು. ಅತ್ತೆಯವರ ಮುಖ ಸಣ್ಣದಾಯಿತು. “ಹಂಗಾರ ನಾ ಕರದದ್ದಕ್ಕ ಬಿದ್ರೇನ?” ಎಂದು ನನ್ನನ್ನು ಕೇಳಿದರು. ಕರೆದದ್ದು ತಪ್ಪಲ್ಲ, ಆ ಹೊತ್ತಿಗೆ ಉತ್ತರ ಕೊಟ್ಟದ್ದು ತಪ್ಪು ಎಂದೆ. ಅವರು, “ಕರದಾಗ ಓ ಅನ್ನದ ಹ್ವಾದ್ರ ನಾವ ಏನಂತಿದ್ವಿ?” ಎಂದರು.

ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಆಸ್ಪತ್ರೆಯಲ್ಲಿ ಅಧಿಕಾರಿಗಳು ಕೇಳಿದಾಗ ಅವರು ಸುಳ್ಳು ಹೇಳಲಿಲ್ಲವಂತೆ. “ಅಷ್ಟು ಮಂದಿ ಊಟಕ್ಕ ಕರದ್ರು, ಹೆಂಗ ಸುಮ್ಮನ ಹೋಗಲಿ?” ಎಂದರಂತೆ. ಅಧಿಕಾರಿಗಳು ಇದನ್ನು ಯಾವ ಭಾಷೆಯಲ್ಲಿ, ಯಾವ ಕಾರಣದ ಕೆಳಗೆ ಬರೆದುಕೊಂಡರೋ ಕಾಣೆ. ನಡು ವಾಸಿಯಾದ ಮೇಲೂ ಬಹಳ ದಿನ ಅವರನ್ನು ಹಾರಲು ಬಿಡದೆ, ಹಲಗೆಯ ಮುಂದೆ ನಿಲ್ಲಿಸಿ ಪಾಠ ಹೇಳಿಸಿದರಂತೆ. ಇದನ್ನು ತಿಳಿಸಿದ್ದು ರಾಮದುರ್ಗದವರೇ, ಒಂದು ಮದುವೆಯಲ್ಲಿ ಸಿಕ್ಕಾಗ. ಈ ಸಲ ಅವರ ಕೈಯಲ್ಲಿ ಬಾಳೆಗೊನೆ ಇರಲಿಲ್ಲ. ಅತ್ತೆಯವರು ಅವರ ಎದುರು ನನ್ನನ್ನು ಬಿಟ್ಟುಕೊಡಲಿಲ್ಲ. “ನಮ್ಮ ಸೊಸಿ ಬರೇ ನನ್ನ ಮಾತ ಇಂಗ್ಲೀಷಿನ್ಯಾಗ ಹೇಳ್ಯಾಳ. ಬೈಯೂದಿದ್ರ ನನ್ನ ಬೈರಿ,” ಎಂದರು. ಅತ್ತೆಯವರನ್ನು ಬೈಯುವ ಧೈರ್ಯ ರಾಮದುರ್ಗದ ತನಕ ಯಾರಿಗೂ ಇರಲಿಲ್ಲ.

ಹುಡುಗಿಯದು ಏನಾಯಿತೆಂದು ಹೇಳುವವರು ಯಾರೂ ಇರಲಿಲ್ಲ. ಊರಿನ ಮಟ್ಟಿಗೆ ಅವಳ ಕತೆ ಮುಗಿದಿತ್ತು. ಅವಳದು ತಪ್ಪಲ್ಲ ಎಂದಾದ ಮೇಲೆ ಅವಳ ಬಗ್ಗೆ ಮಾತಾಡುವುದಕ್ಕೇನಿದೆ? ಹೆಲಿಕಾಪ್ಟರ್ ನಮ್ಮ ಹೊಲದ ಕಡೆಗೆ ಬರುವುದೂ ನಿಂತಿತು. ಎಲ್ಲಿ ಊಟಕ್ಕೆ ಕರೆಯುವುದಿಲ್ಲವೋ ಅಂಥ ತಾಲೂಕಿಗೆ ಹೋಗಿರಬೇಕು. ಜೋಳ ಕೊಯ್ದರು, ಕಡಲೆ ಕಿತ್ತರು. ಒಮ್ಮೊಮ್ಮೆ ಒಲೆಯ ಮುಂದೆ ಕೂತಾಗ, ಅವಳನ್ನು ಕಳಿಸಿಬಿಟ್ಟರೇನೋ, ಎಲ್ಲೋ ಯಾರದೋ ಪಡಸಾಲೆಯಲ್ಲಿ ಅವಳೂ ಚಹಾದ ತಟ್ಟೆ ಹಿಡಿದು ನಿಂತಿದ್ದಾಳೇನೋ ಎನಿಸುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮುಂಜಾನೆ ಫೋನ್ ಬಂತು. ಎತ್ತಿದವರು ಮಾವನವರು. ಒಂದಷ್ಟು ಕೇಳಿ, ರಿಸೀವರನ್ನು ಹಾವಿನ ಹಾಗೆ ದೂರ ಹಿಡಿದರು.

“ಯವ್ವಾ, ಬಾ ಇಲ್ಲಿ. ಯಾವದೋ ಹುಡಿಗಿ ಇಂಗ್ಲೀಷಿನ್ಯಾಗ ಒಂದ ಸವನ ಮಾತಾಡಾಕತ್ತೈತಿ. ನಿಲ್ಲವಲ್ಲದು.”

ಗಾಳಿಯ ಸಪ್ಪಳದ ನಡುವೆ ಅವಳ ದನಿ. ಎಲ್ಲೋ ಬಯಲಿನಲ್ಲಿದ್ದ ಬೂತಿನಿಂದ ಮಾಡುತ್ತಿದ್ದಳು. ಹೆಸರು ಹೇಳಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ. “ಇವತ್ತು ಒಬ್ಬಳೇ ಹೋದೆ,” ಎಂದಳು. “ಪಕ್ಕದ ಸೀಟು ಖಾಲಿ. ಮೇಲೆ ಹೋದೆ, ಸುತ್ತು ಹಾಕಿದೆ, ಇಳಿಸಿದೆ.” ಆಮೇಲೆ ಅವಳು ಅತ್ತಳು. ಆ ದಿನ ನಮ್ಮ ಮನೆಯಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ನಾನು ನೆಟ್ಟಗೆ ನಿಂತು ಕೇಳಿದೆ. ನಾಣ್ಯ ಮುಗಿದು ಫೋನ್ ಕಟ್ಟಾಯಿತು.

ಮಾವನವರು ಅಲ್ಲೇ ಕೂತು, ನನ್ನ ಮುಖದಿಂದ ಇಂಗ್ಲಿಷನ್ನು ಓದಲು ನೋಡುತ್ತಿದ್ದರು. “ಏನಂತ?”

“ಆ ಹುಡಿಗಿರಿ. ಹೆಲಿಕಾಪ್ಟರ್ ಒಬ್ಬಾಕೀನ ಹಾರಿಸಿದ್ಲಂತ.”

“ಒಬ್ಬಾಕೀನ? ಬಾಜೂಕ ಕಲಸಾವರು ಯಾರೂ ಇರಲಿಲ್ಲೇನ?”

“ಯಾರೂ ಇರಲಿಲ್ಲಂತರಿ.”

ಮಾವನವರು ಎಲೆಯ ಚಂಚಿ ಬಿಚ್ಚಿದರು. ಅಡಿಕೆಯನ್ನು ಕತ್ತರಿಸಿದರು, ಸುಣ್ಣ ಹುಡುಕಿದರು, ಎಲೆಯ ತೊಟ್ಟು ಮುರಿದರು.

“ಹೂಂ,” ಎಂದರು. “ಅದಕ್ಕ ನೆಟ್ಟಗ ಇಳದೈತಿ.”